ಗೋಡೆಯ ಹಿಂದಿನಿಂದ ಕರೆದ ಹೆಸರು

ಅಕಾನ್ನಿಯ ನಿಜವಾದ ಹೆಸರನ್ನು ನಾನು ಕೂಗಬಾರದಿತ್ತು.

ಇಬಾದಾನ್ ನಗರದ ಹೊರವಲಯದ ಕೆರೆಯ ದಂಡೆಯಲ್ಲಿ ನಮ್ಮ ಸಿನಿಮಾದ ಶೂಟಿಂಗ್. ಅದರಲ್ಲಿ ಅಕಾನ್ನಿಯದು ಪತ್ತೇದಾರ ಟೋನಿಯ ಪಾತ್ರ. ಆ ಸುಡುಬಿಸಿಲಿನಲ್ಲೂ ಉದ್ದ ಕೋಟು, ಹ್ಯಾಟು, ತುಟಿಯಲ್ಲಿ ಹೊತ್ತಿಸದ ಸಿಗರೇಟು. ನಾನು, ಅಬೆಬಿ, ಆ ಕೆರೆಯಲ್ಲಿ ಕೊಲೆಯಾದ ಹಾಡುಗಾರ್ತಿಯ ದೆವ್ವ. ನನ್ನನ್ನು ಕೊಂದವರನ್ನು ಅವನು ಹುಡುಕಬೇಕು, ಕೊನೆಗೆ ನಾನೇ ಅವನನ್ನು ನೀರಿಗೆ ಎಳೆದುಕೊಳ್ಳಬೇಕು.

ಆ ಬೆಳಿಗ್ಗೆ ನನ್ನ ಕೆಲಸ ಇಷ್ಟೇ. ಪ್ಲೈವುಡ್ ಗೋಡೆಯ ಹಿಂದೆ ನಿಂತು 'ಟೋನಿ' ಎಂದು ಮೂರು ಸಲ ಕರೆಯುವುದು. ಅವನು ಓಗೊಡದೆ ಸುತ್ತ ನೋಡುವುದು. ಬಿರುಕಿನಲ್ಲಿ ಅವನ ಕುತ್ತಿಗೆಯ ಬೆವರು ಕಾಣುತ್ತಿತ್ತು. ತಿಂಗಳಿಂದ ಕದ್ದು ನೋಡುತ್ತಿದ್ದೆನಲ್ಲ, ಕಣ್ಣು ಅಲ್ಲೇ ನೆಟ್ಟಿತು. ಮೂರನೆಯ ಸಲ ಬಾಯಿಂದ ಬಂದದ್ದು 'ಅಕಾನ್ನಿ'.

"ಓ," ಎಂದುಬಿಟ್ಟ.

ಕಾಣದವರು ಹೆಸರು ಹಿಡಿದು ಕರೆದರೆ ಓಗೊಡಬಾರದು. ಓಗೊಟ್ಟವನು ಆ ದನಿಯ ಹಿಂದೆಯೇ ಹೋಗಿಬಿಡುತ್ತಾನೆ. ನಮ್ಮಲ್ಲಿ ಇದು ಅಂಬೆಗಾಲಿಡುವ ಮಗುವಿಗೂ ಗೊತ್ತು.

ಮೇಕಪ್ ಮಾಡುವ ಇಯಾ ವಾಲೆ ನನ್ನ ತೋಳು ಹಿಡಿದು ಜಗ್ಗಿದಳು. "ದೆವ್ವದ ವೇಷ ಹಾಕ್ಕೊಂಡು ಬದುಕಿರೋನ ಹೆಸರು ಕೂಗ್ತಾರೇನೆ? ನಿನ್ ಬಾಯಿಗೆ ಬೀಗ ಹಾಕ."

"ಬಿಡಿ ಅಮ್ಮ, ನಾನೇನ್ ಸಾಯಲ್ಲ," ಅಕಾನ್ನಿ ನಕ್ಕ. ಆದರೆ ಊಟಕ್ಕೆ ಕೂತಾಗ ಅಮಲಾ ಮುದ್ದೆಯ ಒಂದು ತುತ್ತೂ ಮುರಿಯಲಿಲ್ಲ. ಅದನ್ನು ಕಂಡು ನಾನೂ ತಟ್ಟೆ ಸರಿಸಿದೆ.

ಮಧ್ಯಾಹ್ನ ಮುಳುಗುವ ದೃಶ್ಯ. ಅವನ ಮುಂದೆ ಮಂಡಿಯೂರಿದೆ. "ಇವತ್ತು ನೀರಿಗೆ ಇಳೀಬೇಡ."

"ಯಾಕೆ, ಎಳ್ಕೊಂಡು ಹೋಗೋಳು ನೀನೇ ತಾನೆ? ನಿನ್ ಜೊತೆ ಆದ್ರೆ ಬರ್ತೀನಿ." ಹ್ಯಾಟಿನ ಅಂಚಿನಡಿಯಿಂದ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಕರಗಿಹೋಗುತ್ತಿದ್ದೆ.

ಎದೆಮಟ್ಟದ ನೀರಿನಲ್ಲಿ ಅವನ ಕಾಲು ಹಿಡಿದು ಎಳೆದೆ. ಮುಳುಗಿದ. ಹತ್ತು ಎಣಿಸಿ ಮೇಲೇಳಬೇಕಿತ್ತು. ಹತ್ತಾಯಿತು. ಹದಿನೈದಾಯಿತು. ನೆಂದ ಕೋಟು ಅವನನ್ನು ಕೆಸರಿಗೆ ಒತ್ತಿ ಹಿಡಿದಿತ್ತು. ನಾನೇ ಕೊಂದುಬಿಟ್ಟೆ ಅನ್ನಿಸಿತು. ಕಾಲರಿಗೆ ಕೈಹಾಕಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಮೇಲೆಳೆದೆ.

"ಕಟ್. ಅಬೆಬಿ, ದೆವ್ವ ಅವನನ್ನ ಕೆಳಕ್ಕೆ ಎಳೀಬೇಕು ಕಣಮ್ಮ, ಮೇಲಕ್ಕಲ್ಲ," ದಂಡೆಯಿಂದ ನಿರ್ದೇಶಕರು ಕೂಗಿದರು.

"ಈ ದೆವ್ವದ ಕೈಲಿ ಆಗಲ್ಲ ಸರ್. ಕಥೆ ಬದಲಾಯಿಸ್ಕೊಳ್ಳಿ."

ಅಕಾನ್ನಿ ಕೆಮ್ಮಿ ಕೆಮ್ಮಿ ನೀರು ಕಾರಿದ. ಹಿಡಿದಿದ್ದ ನನ್ನ ಮಣಿಕಟ್ಟನ್ನು ಬಿಡಲೇ ಇಲ್ಲ. "ಬೆಳಿಗ್ಗೆಯಿಂದ ಹೆದ್ರಿಕೆ ಆಗ್ತಿತ್ತು ಕಣೆ. ಹೇಳ್ಕೊಳ್ಳೋಕೆ ನಾಚಿಕೆ. ಅದ್ಸರಿ, ಟೋನಿ ಅನ್ನೋ ಕಡೆ ನನ್ ಹೆಸ್ರು ಹೇಗ್ ಬಂತು?"

"ತಿಂಗಳಿಂದ ನಾಲಿಗೆ ತುದೀಲೇ ಇತ್ತು. ಜಾರಿಬಿಡ್ತು."

ಅವನು ನಗಲಿಲ್ಲ. ನನ್ನ ಕೆನ್ನೆಗೆ ಬಳಿದಿದ್ದ ಬಿಳಿ ಬಣ್ಣವನ್ನು ಒದ್ದೆ ಅಂಗೈಯಿಂದ ಮೆಲ್ಲಗೆ ಒರೆಸಿದ, ನನ್ನ ಮುಖ ಕಾಣುವವರೆಗೂ.

"ಇನ್ಮೇಲೆ ಗೋಡೆ ಹಿಂದಿಂದ ಕರೀಬೇಡ. ಎದುರಿಗೆ ನಿಂತು ಕರಿ. ಸಾಯೋವರೆಗೂ ಓ ಅಂತೀನಿ."