ಅರೆದು, ಅರೆಯದೆ

2025ರ ಫೆಬ್ರವರಿ 6, ಗುರುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಬಾಗೂರಿನ ಎತ್ತಪ್ಪ ಠಾಣೆಗೆ ಬಂದು, ತನ್ನ ಅಣ್ಣ ಚಿತ್ರಲಿಂಗಪ್ಪನದು ಸಹಜ ಸಾವಲ್ಲ ಎಂದು ದೂರು ಕೊಟ್ಟ. ಅಣ್ಣನಿಗೆ ಅರವತ್ತೆಂಟು ವರ್ಷ. ಹಿಂದಿನ ದಿನ ಬೆಳಿಗ್ಗೆ ಸೊಸೆ ಚೈತ್ರಾ ಕೊಟ್ಟ ಅಂಬಲಿ ಕುಡಿದ ಸ್ವಲ್ಪ ಹೊತ್ತಿಗೆ ಬೆವೆತು ಕುಸಿದಿದ್ದ. ಆಸ್ಪತ್ರೆಯ ದಾರಿಯಲ್ಲಿ, ಆಟೊದಲ್ಲೇ ಪ್ರಾಣ ಹೋಗಿತ್ತು. ಕುರಿ ಹಿಂಡಿನ ಜೊತೆ ಹಿರಿಯೂರಿನ ಕಡೆ ಹೋಗಿದ್ದ ಮಗ ಬರಲೆಂದು ಹೆಣವನ್ನು ಮನೆಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ಎತ್ತಪ್ಪನಿಗೆ ಸೊಸೆಯ ಮೇಲೆ ಅನುಮಾನ. ಕಾರಣ ಕೇಳಿದರೆ, ಓದಿದ ಹುಡುಗಿ ಎಂದ.

ಇನ್ಸ್‌ಪೆಕ್ಟರ್ ಮಾರುತೇಶ್ ಈ ಕಾರಣವನ್ನು ಎಫ್‌ಐಆರ್‌ನಲ್ಲಿ ಬರೆಯಲಿಲ್ಲ. ಉಳಿದದ್ದನ್ನು ಬರೆದುಕೊಂಡು, ಹೆಡ್ ಕಾನ್‌ಸ್ಟೆಬಲ್ ಜುಂಜಯ್ಯನನ್ನು ಕರೆದುಕೊಂಡು ಹೊರಟರು.

ಹೆಣ ಮರಣೋತ್ತರ ಪರೀಕ್ಷೆಗೆ ಹೋಯಿತು. ಹೊಟ್ಟೆಯೊಳಗಿನ ಮತ್ತು ರಕ್ತದ ಮಾದರಿಗಳನ್ನು ದಾವಣಗೆರೆಯ ಪ್ರಯೋಗಾಲಯಕ್ಕೆ ಕಳಿಸಿದರು. ಬೆಳಿಗ್ಗೆ 11ಕ್ಕೆ ಸ್ಥಳ ಪಂಚನಾಮೆ. ಚಿತ್ರಲಿಂಗಪ್ಪನಿಗೆ ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು, ನುಂಗುವುದು ಕಷ್ಟವಾಗಿತ್ತು. ಅಂದಿನಿಂದ ಬಿಪಿ ಗುಳಿಗೆಯನ್ನು ದಿನಕ್ಕೆ ಮೂರು ಸಲ ಕುಟ್ಟಾಣಿಯಲ್ಲಿ ಅರೆದು ಅಂಬಲಿಗೆ ಬೆರೆಸಿ ಕೊಡುತ್ತಿದ್ದರು. ಕುಟ್ಟಾಣಿಯಲ್ಲಿ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. ಗೋಡೆಯ ಗೂಡಿನಲ್ಲಿ ಮೂರು ಕಾಗದದ ಕವರುಗಳು ಸಿಕ್ಕವು. ಅವುಗಳಲ್ಲೊಂದು ಹೊಸದು, ಒಳಗೆ ಹತ್ತು ಗುಳಿಗೆಯ ಪಟ್ಟಿ, ಒಂದು ಮಾತ್ರ ಖಾಲಿ. ಕವರಿನ ಮೇಲೆ ನೀಲಿ ಪೆನ್ನಿನಲ್ಲಿ, 'ಬೆಳಿಗ್ಗೆ 1. ಅರೆಯದೆ ಕೊಡಿ' ಎಂದಿತ್ತು.

ಮಧ್ಯಾಹ್ನ 2:15ಕ್ಕೆ ಠಾಣೆಯಲ್ಲಿ, ಮಹಿಳಾ ಪೇದೆಯ ಎದುರು, ಚೈತ್ರಾಳ ವಿಚಾರಣೆ ನಡೆಯಿತು. ಇಪ್ಪತ್ತಾರರ ಹುಡುಗಿ, ಪಿಯುಸಿ ಓದಿದವಳು, ಆ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಹಳೆಯ ಗುಳಿಗೆ ಸಿಗದಿದ್ದಕ್ಕೆ ಶ್ರೀರಾಂಪುರದ ಔಷಧಿ ಅಂಗಡಿಯವರು ದಿನಕ್ಕೊಂದೇ ಸಾಕಾಗುವ ಹೊಸದನ್ನು ಕೊಟ್ಟರು, ಕವರಿನ ಮೇಲೆ ಬರೆದಿದ್ದಂತೆಯೇ ಅರೆದು ಕೊಟ್ಟೆ ಎಂದಳು.

"ಏನು ಬರೆದಿತ್ತು?"

"ಅರೆದು ಕೊಡಿ ಅಂತ ಸಾರ್."

ಮಾರುತೇಶ್ ಕವರನ್ನು ಅವಳ ಮುಂದೆ ಸರಿಸಿದರು. "ಓದಮ್ಮ."

ಅವಳು ಓದಿದಳು. ಮತ್ತೆ ಓದಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಕವರನ್ನು ಮೇಜಿನ ಮೇಲಿಟ್ಟು, "ನಾನೇ ತಪ್ಪು ಓದೀನಿ ಸಾರ್. ಮಾವನ್ನ ನಾನೇ ಕೊಂದೆ" ಎಂದಳು.

ಅಂದು ಸಂಜೆ ಅವಳನ್ನು ಮನೆಗೆ ಕಳಿಸಿದರು, ವರದಿ ಬರುವ ತನಕ. ಊರಿನವರು ಮಾತ್ರ ಯಾವ ವರದಿಗೂ ಕಾಯಲಿಲ್ಲ. ಬಾವಿಕಟ್ಟೆಯ ಮೇಲೆ ಅವಳು ಕೊಡ ಇಟ್ಟರೆ ಪಕ್ಕದ ಕೊಡಗಳು ಸರಿಯುತ್ತಿದ್ದವು. ಗಂಡ ಹಿಂಡನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದ. ಬೈಯಲಿಲ್ಲ, ಮಾತೂ ಆಡಲಿಲ್ಲ. ಚೈತ್ರಾ ಓದುವುದನ್ನೇ ಬಿಟ್ಟಳು. ಬಸ್ಸಿನ ಬೋರ್ಡನ್ನೂ ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದಾಳೆ ಎಂದು ಜುಂಜಯ್ಯ ಬಂದು ಹೇಳಿದಾಗ ಮಾರುತೇಶ್ ಊಟದ ಡಬ್ಬಿ ಮುಚ್ಚಿಟ್ಟರು.

ತಪ್ಪು ನಂದು ಎಂದು ಬಂದವರು ಅವಳೊಬ್ಬಳೇ ಅಲ್ಲ. ಚಿತ್ರಲಿಂಗಪ್ಪನ ಹೆಂಡತಿ ಉಚ್ಚಂಗಮ್ಮ ಬಂದು, ಕುಟ್ಟಾಣಿ ತೊಳೆದು ಕೊಟ್ಟವಳು ನಾನು, ನನ್ನನ್ನೇ ಹಿಡ್ಕೊಂಡು ಹೋಗ್ರಿ ಎಂದಳು. ಆಟೊದವನು ಬಂದು, ದಾರಿಯಲ್ಲಿ ಡೀಸೆಲ್ ಹಾಕಿಸಲು ನಿಂತಿದ್ದೆ ಎಂದು ಅತ್ತ. ಠಾಣೆಯಲ್ಲಿ ಸಾಮಾನ್ಯವಾಗಿ ನಾನಲ್ಲ ನಾನಲ್ಲ ಎನ್ನುವವರ ಸಾಲು. ಈ ಕೇಸಿನಲ್ಲಿ ಎಲ್ಲ ಉಲ್ಟಾ. ಇಷ್ಟೊಂದು ಜನ ಒಪ್ಪಿಕೊಂಡರೆ ತನಿಖಾಧಿಕಾರಿ ಮಾಡುವುದೇನು?

ಮಾರ್ಚ್ 3ಕ್ಕೆ ವರದಿ ಬಂತು. ರಕ್ತದಲ್ಲಿ ಬಿಪಿ ಔಷಧ ಇರಬೇಕಾದ್ದಕ್ಕಿಂತ ಹಲವು ಪಟ್ಟು ಇತ್ತು. ಒಂದೇ ಗುಳಿಗೆಯಲ್ಲಿ ಅದು ಹೇಗೆ? ಮರುದಿನ ಮಾರುತೇಶ್ ಚಿತ್ರದುರ್ಗಕ್ಕೆ ಹೋಗಿ ಜಿಲ್ಲಾಸ್ಪತ್ರೆಯ ಔಷಧ ತಜ್ಞೆ ಡಾ. ಸಹನಾ ಅವರನ್ನು ಕೇಳಿದರು. ಆಕೆ ಅದೇ ಗುಳಿಗೆ ಎರಡು ತರಿಸಿ, ಒಂದನ್ನು ಇಡಿಯಾಗಿ ಒಂದು ಲೋಟ ನೀರಿಗೆ, ಇನ್ನೊಂದನ್ನು ಪುಡಿ ಮಾಡಿ ಮತ್ತೊಂದು ಲೋಟಕ್ಕೆ ಹಾಕಿದರು. ಪುಡಿಯ ಲೋಟ ಕ್ಷಣದಲ್ಲಿ ಬೆಳ್ಳಗಾಯಿತು. ಇಡೀ ಗುಳಿಗೆ ಅರ್ಧ ಗಂಟೆಯಾದರೂ ಹಾಗೇ ಕೂತಿತ್ತು.

ಮೇಲಿನ ಪೊರೆ ಈಥೈಲ್ ಸೆಲ್ಯುಲೋಸ್ ಎಂಬುದರದು ಎಂದು ಆಕೆ ವಿವರಿಸಿದರು. ಗಿಡಮರದ ನಾರಿನಿಂದಲೇ ಮಾಡುತ್ತಾರೆ, ಆದರೆ ನೀರಿಗೆ ಕರಗುವುದಿಲ್ಲ. ಶಾಯಿಗೂ ಹಾಕುತ್ತಾರೆ, ಕಹಿ ಮುಚ್ಚಲೂ ಬಳಸುತ್ತಾರೆ. ಹೊಸ ಮಡಕೆ ನೀರು ಜಿನುಗಿಸುವ ಹಾಗೆ, ಒಳಗಿನ ಔಷಧವನ್ನು ಇಡೀ ದಿನ ಸ್ವಲ್ಪ ಸ್ವಲ್ಪವೇ ಬಿಡುವುದು ಅದರ ಕೆಲಸ. ಅರೆದರೆ ದಿನದ ಔಷಧವೆಲ್ಲ ಒಟ್ಟಿಗೆ ಮೈಗೆ ಇಳಿಯುತ್ತದೆ. ಮುದುಕನ ಹೃದಯ ಅದನ್ನು ತಡೆಯಲಿಲ್ಲ.

ಅಂದರೆ ಕವರಿನ ಮೇಲಿದ್ದ ಮಾತು ಸರಿ, ಓದಿದವಳದೇ ತಪ್ಪು. ಮಧ್ಯಾಹ್ನ ಠಾಣೆಗೆ ಬಂದ ಮಾರುತೇಶ್ ಬಂಧನದ ಕಾಗದ ಸಿದ್ಧಪಡಿಸಲು ಜುಂಜಯ್ಯನಿಗೆ ಹೇಳಿದರು.

ಜುಂಜಯ್ಯ ಕುರಿ ಕಾಯುವವರ ಮನೆಯವನು. ವಶಪಡಿಸಿದ ಮೂರು ಕವರುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟವನು ಹೊಸದನ್ನು ಕೈಗೆತ್ತಿಕೊಂಡ.

"ಸಾರ್, ಇದರ ಮೇಲೆ ಗುರ್ತೇ ಇಲ್ಲ."

ಉಳಿದೆರಡು ಕವರುಗಳ ಮೂಲೆಯಲ್ಲಿ ಕೆಂಪು ಗೆರೆಗಳಿದ್ದವು. ಹಿಂಡು ಬೆರೆಯದಿರಲೆಂದು ಕುರಿಯ ಬೆನ್ನಿಗೆ ಹಚ್ಚುವ ಬಣ್ಣ ಅದು. ಬಾಗೂರಿಗೆ ಹೋಗಿ ಕೇಳಿದಾಗ ಉಚ್ಚಂಗಮ್ಮ ಕವರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದಲು ಬಾರದು. ಔಷಧ ಮನೆಗೆ ಬಂದ ದಿನವೇ, ಬೆಳಗಿನದಕ್ಕೆ ಒಂದು ಗೆರೆ, ರಾತ್ರಿಯದಕ್ಕೆ ಎರಡು ಎಳೆಯುವುದು ಅವಳ ರೂಢಿ.

"ಇದು ನಮ್ದಲ್ಲ. ನಮ್ ಕವರಿಗೆ ನಾನೇ ಕೈಯಾರೆ ಗೆರೆ ಎಳ್ದಿದ್ದೆ."

"ಯಜಮಾನರು ತೀರ್ಕೊಂಡ ದಿನ ಈ ಗೂಡಿನ ಹತ್ರ ಯಾರು ಬಂದಿದ್ರಮ್ಮ?"

"ಡಾಕ್ಟ್ರು ಬಂದಿದ್ರು. ಹಾರ ತಂದಿದ್ರು. ಇಲ್ಲೇ ಗೋಡೆಗೆ ಒರಗಿ ಕುಂತಿದ್ರು."

ಡಾಕ್ಟ್ರು ಎಂದರೆ ಔಷಧಿ ಅಂಗಡಿಯ ಕನಕರಾಜ್. ಒಂದು ಕಾಲದಲ್ಲಿ ಪಶುವೈದ್ಯರೊಬ್ಬರ ಬ್ಯಾಗು ಹಿಡಿದು ತಿರುಗಿದವನು. ಕುರಿಗಳಿಗೆ ಗುಳಿಗೆ ಅರೆದು, ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹೊಯ್ದು ಕೈ ಪಳಗಿದವನು. ಗೋಡೆಯ ಮೇಲಿನ ಲೈಸೆನ್ಸು ಹಿರಿಯೂರಿನ ಯಾರದೋ ಹೆಸರಿನಲ್ಲಿತ್ತು. ಆ ಮಹಾನುಭಾವರು ಅಂಗಡಿಯ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು.

ಮಾರ್ಚ್ 5ರ ಬೆಳಿಗ್ಗೆ ಕನಕರಾಜನ ಫೋನಿನ ಕರೆ ವಿವರ ಕೈಸೇರಿತು. ಫೆಬ್ರವರಿ 5ರ ಬೆಳಿಗ್ಗೆ 7:52ಕ್ಕೆ ಚೈತ್ರಾಳ ಕರೆ ಬಂದಿತ್ತು. ಮಾವ ಬೆವರುತ್ತಿದ್ದಾರೆ ಎಂದು ಮೊದಲು ಕೇಳಿದ್ದು ಅವನನ್ನೇ. 7:58ಕ್ಕೆ ಅವನು ಚಿತ್ರದುರ್ಗದ ಸಗಟು ವ್ಯಾಪಾರಿಗೆ ಫೋನ್ ಮಾಡಿದ್ದ. ವ್ಯಾಪಾರಿಗೆ ಆ ಮಾತು ನೆನಪಿತ್ತು. ಪಟ್ಟಿಯ ಮೇಲೆ ಗುಳಿಗೆಯ ಹೆಸರಿನ ಮುಂದಿರುವ ಎರಡು ಇಂಗ್ಲಿಷ್ ಅಕ್ಷರಕ್ಕೆ ಏನರ್ಥ ಎಂದು ಕೇಳಿದ್ದನಂತೆ; ನಿಧಾನವಾಗಿ ಔಷಧ ಬಿಡುವ ಗುಳಿಗೆ, ಅರೆಯಬಾರದು ಎಂದು ವ್ಯಾಪಾರಿ ಹೇಳಿದ್ದನಂತೆ. ಸಂಜೆ 6:40ಕ್ಕೆ ಇನ್ನೊಂದು ಕರೆ, ಮತ್ತೋಡಿಗೆ.

"ಹೋಗಾಣ ನಡಿ" ಎಂದರು ಮಾರುತೇಶ್. ಅದೇ ಗುಳಿಗೆ ಅಲ್ಲಿಗೂ ಹೋಗಿದ್ದರೆ ಆ ನಂಬರಿನ ಮನೆಯಲ್ಲಿ ಇನ್ನೊಂದು ಹೆಣ ಬಿದ್ದಿರಬಹುದು, ನಾವು ಒಂದು ತಿಂಗಳು ತಪ್ಪು ಮನೆಯ ಬಾಗಿಲಲ್ಲಿ ನಿಂತಿದ್ದೆವು ಎಂಬ ಯೋಚನೆ ದಾರಿಯುದ್ದಕ್ಕೂ ಅವರನ್ನು ತಿಂದಿತು.

ಮತ್ತೋಡಿನ ದರ್ಜಿ ಇಮಾಮ್ ಸಾಬ್ ಹೊಲಿಗೆ ಯಂತ್ರದ ಮುಂದೆ ಗಟ್ಟಿಮುಟ್ಟಾಗಿ ಕೂತಿದ್ದ. ಮೊದಲ ದಿನ ಹೆಂಡತಿ ಕರೀಮುನ್ನೀಸಾ ಅದೇ ಹೊಸ ಗುಳಿಗೆ ಅರೆದು ಕೊಟ್ಟದ್ದನ್ನು, ಕಹಿ ತಾಳಲಾರದೆ ಅಂಗಳಕ್ಕೆ ಉಗಿದಿದ್ದನಂತೆ. ಮರುದಿನ ಇಡಿಯಾಗಿ ಚಹಾದ ಜೊತೆ ನುಂಗಿದ್ದ. ಸಂಜೆ ಅಂಗಡಿಯವನ ಫೋನು ಬಂತು: ಗುಳಿಗೆ ಬಿಡಿ, ಕವರ್ ಸಮೇತ ಬಿಸಾಕಿ. ಗುಳಿಗೆಯನ್ನು ಬಿಸಾಕಿದ್ದರು. ಗಟ್ಟಿ ಕಾಗದವನ್ನು ಬಿಸಾಕಲು ಕರೀಮುನ್ನೀಸಾಗೆ ಮನಸ್ಸು ಬಂದಿರಲಿಲ್ಲ. ಒಳಗೆ ಅಂಗಿಯ ಗುಂಡಿಗಳನ್ನು ತುಂಬಿಟ್ಟಿದ್ದಳು. ಮೇಲೆ ಅದೇ ನೀಲಿ ಪೆನ್ನು, ಅದೇ ಕೈಬರಹ: 'ಬೆಳಿಗ್ಗೆ 1. ಅರೆದು ಕೊಡಿ.'

ಮಧ್ಯಾಹ್ನ 3:45ಕ್ಕೆ ಕನಕರಾಜನನ್ನು ಠಾಣೆಗೆ ಕರೆತಂದರು.

"ಬಾಗೂರಿನ ಕವರ್ ಎಲ್ಲಿ?"

ಅವನು ಯಾವ ಕವರ್ ಎಂದು ಕೇಳಲಿಲ್ಲ. "ಹಾರ ಹಾಕೋಕೆ ಹೋದಾಗ ಬೇರೆ ಬರೆದಿಟ್ಟು, ಅದನ್ನ ತಂದು ಒಲೆಗೆ ಹಾಕ್ದೆ ಸಾರ್."

"ಆ ಹುಡುಗಿನ ಊರೆಲ್ಲ ಕೊಲೆಗಾತಿ ಅಂತಿದ್ದದ್ದು ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಡು ಸಲ ಈ ಗೇಟಿನ ತನಕ ಬಂದು ತಿರುಗಿ ಹೋಗೀನಿ."

"ಒಳಗೆ ಯಾಕೆ ಬರಲಿಲ್ಲ?"

"ಹನ್ನೊಂದು ವರ್ಷದಿಂದ ಡಾಕ್ಟ್ರೇ ಡಾಕ್ಟ್ರೇ ಅಂತಾರೆ ಸಾರ್. ಒಬ್ಬರಿಗೂ ನಂಗೊತ್ತಿಲ್ಲ ಅಂದಿಲ್ಲ. ಆ ಎರಡಕ್ಷರ ಏನು ಅಂತ ಕೇಳಿದ್ದೇ ಆವತ್ತು ಮೊದಲ ಸಲ."

ಸಂಜೆ 4:20ಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ, ಸುಳ್ಳು ಸಾಕ್ಷ್ಯ ಸೃಷ್ಟಿ. ಅವನು ದುಡ್ಡಿನ ಆಸೆಗೆ ಮಾಡಿದವನಲ್ಲ, ಹಗೆಯಿಂದಲೂ ಅಲ್ಲ. ಮೂರು ಸಲದ ಕಿರಿಕಿರಿ ಮುದುಕನಿಗೆ ತಪ್ಪಲಿ ಎಂದೇ ಹೊಸ ಗುಳಿಗೆ ಕೊಟ್ಟಿದ್ದ. ಗೊತ್ತಿಲ್ಲ ಎಂಬ ಒಂದು ಮಾತಿಗೆ ನಾಚಿ, ಆ ನಾಚಿಕೆಯ ಭಾರವನ್ನು ಒಂದು ತಿಂಗಳು ಆ ಹುಡುಗಿಯ ತಲೆಯ ಮೇಲಿಟ್ಟಿದ್ದ. ಇಂಥವನ ಮೇಲೆ ಸಿಟ್ಟು ಮಾಡುವುದು ಸುಲಭ, ಆದರೆ ಮಾರುತೇಶ್‌ಗೆ ಆ ಸುಲಭವೂ ಸಿಗಲಿಲ್ಲ. ಮೇಜಿನ ಮೇಲೆ ಆ ಸುಳ್ಳು ಕವರನ್ನು ಸರಿಸಿ, ಓದಮ್ಮ ಎಂದವರು ತಾವೇ.

ಮರುದಿನ ಬೆಳಿಗ್ಗೆ ಬಾಗೂರಿಗೆ ಹೋಗಿ, ಮತ್ತೋಡಿನ ಕವರಿನ ಫೋಟೊ ತೋರಿಸಿ, ನೀನು ಓದಿದ್ದು ಸರಿಯಾಗೇ ಇತ್ತು ತಾಯಿ, ತಪ್ಪು ನಂದು, ಕ್ಷಮಿಸು ಎಂದರು. ಉಚ್ಚಂಗಮ್ಮ ಸೊಸೆಯ ಕೈ ಹಿಡಿದುಕೊಂಡು ಅತ್ತಳು. ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಚೈತ್ರಾ ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಎರಡು ಗುಟುಕು ಕುಡಿದು ಕಹಿ ಅಂತ ಬಟ್ಲು ತಳ್ಳಿದ್ರು ಸಾರ್. ನಾನೇ ಬೆಲ್ಲ ಹಾಕಿ, ಬಿಡಬಾರ್ದು ಮಾವ ಅಂತ ಪೂರ್ತಿ ಕುಡಿಸ್ದೆ. ಅದು ಯಾವ ಕವರಿನ ಮೇಲೂ ಬರ್ದಿರ್ಲಿಲ್ಲ."

ಮಾರುತೇಶ್ ಆ ಮಾತನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.