ಏಳನೆಯ ಮಟ್ಟದ ಕರೆ

ಒರೂರೊ ಊರಿನ ತವರದ ಗಣಿಗೆ ಆಳುಗಳನ್ನು ಇಳಿಸಿ ಎತ್ತುವ, ಲಿಫ್ಟಿನಂಥ ತೊಟ್ಟಿಲಿಗೆ ಹೊಸ ಕಂಪ್ಯೂಟರ್ ನಿಯಂತ್ರಕ ಬರುವುದಿತ್ತು. ಮೊದಲು ಅದರ ನಕಲನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಪರದೆಯ ಮೇಲಷ್ಟೇ ಓಡಿಸಿ, ಸರಿಯಿದ್ದರೆ ಬಳಕೆಗೆ ಒಪ್ಪಿ ನಾನು ಸಹಿ ಹಾಕಬೇಕು. ಸಂಜೆ ತರಗತಿಯಲ್ಲಿ ಕಲಿತವನು, ಪ್ರತಿ ಸಾಲನ್ನೂ ಮೂರು ಸಲ ಓದುತ್ತೇನೆ. ಗಣಿಯ ಆಳದ ಆರು ಮಟ್ಟಗಳನ್ನಷ್ಟೇ ನಕಲಿನಲ್ಲಿ ಬರೆದಿದ್ದೆ.

ಬೆಳಿಗ್ಗೆ, ನಾನು ಏನನ್ನೂ ಒತ್ತದಿದ್ದರೂ, ಏಳನೆಯ ಮಟ್ಟದಿಂದ ಮೂರು ಸಲ ಗಂಟೆ ಬಾರಿಸಿದ್ದು ಪರದೆಯಲ್ಲಿ ದಾಖಲಾಯಿತು. ಮೂರು ಸಲವೆಂದರೆ, ಮನುಷ್ಯರಿದ್ದಾರೆ, ಎತ್ತಿ ಎಂದು.

ನಾನು ಹೇಳಿದ್ದು ಕೇಳಿ, ತೊಟ್ಟಿಲು ನಡೆಸುವ ಮುದುಕ ಸೆವೆರೊ ಕೋಕಾ ಎಲೆ ಜಗಿಯುತ್ತ ನಕ್ಕ. "ಓದಿದೋನು ಕಣಯ್ಯ, ಆರಕ್ಕಿಂತ ಜಾಸ್ತಿ ಎಣಿಸ್ತೀಯ." ಪರದೆ ನೋಡಿದ ಮೇಲೆ ಜಗಿಯುವುದು ನಿಂತಿತು. "ಏಳನೇ ಮಟ್ಟಾನ ನಮ್ಮಪ್ಪನ ಕಾಲದಲ್ಲೇ ಸಿಮೆಂಟ್ ಹಾಕಿ ಮುಚ್ಚಿದ್ರು. ಬರ್ತೀವಿ ಅಂತ ನೀನು ಮರುಗಂಟೆ ಹೊಡೆದ್ಯಾ?"

ನಾನು ಹೊಡೆದಿರಲಿಲ್ಲ. ಆದರೆ ಕರೆ ಬಂದರೆ ತೊಟ್ಟಿಲು ತಾನೇ ಮರುಗಂಟೆ ಹೊಡೆದು ಇಳಿಯುವಂತೆ ಬರೆದವನು ನಾನೇ.

ಹೊರಗೆ ಪಾಳಿಯವರು ಕಾಯುತ್ತಿದ್ದರು. ನಾನು ಸಹಿ ಹಾಕಲಿಲ್ಲ. ಪರದೆಯಲ್ಲಿ ಖಾಲಿಯಾಗಿ ಏಳಕ್ಕೆ ಇಳಿದ ತೊಟ್ಟಿಲು, ಮೇಲೆ ಬಂದಾಗ ಆರುನೂರು ಕಿಲೊ, ಎಂಟು ಆಳುಗಳಷ್ಟು ಭಾರ ತೋರಿಸಿತು.