ಮೊದಲು ಕನಸು ಕಂಡವನು

೧೯೯೪ರ ಮಾರ್ಚ್, ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಬಿಂತಾನ್ ದ್ವೀಪದ ಕರಾವಳಿ ಠಾಣೆಗೆ ವಿಚಿತ್ರ ದೂರೊಂದು ಬಂತು: ಖಾಲಿ ಜಾಗದಲ್ಲಿ ಗೋರಿ ಎದ್ದಿದೆ.

ದೂರು ತಂದವರು ಕ್ವೆಕ್. ಸಿಂಗಾಪುರ ಸರ್ಕಾರ ನೆರೆಯ ಈ ದ್ವೀಪದಲ್ಲಿ ಹಣ ಹೂಡಿ ಕಟ್ಟಿಸುತ್ತಿದ್ದ ಹೋಟೆಲುಗಳ ಉಸ್ತುವಾರಿ ಅವರದು.

"ಶನಿವಾರ ಏನೂ ಇರ್ಲಿಲ್ಲ ಸಾರ್. ಈಗ ಕೂಲಿಯವರೆಲ್ಲ ಗುದ್ದಲಿ ಕೆಳಗಿಟ್ಟು ದುವಾ ಮಾಡ್ತಾ ಕೂತಿದಾರೆ."

ಇನ್‌ಸ್ಪೆಕ್ಟರ್ ಹಾರೂನ್ ಕಾನ್‌ಸ್ಟೇಬಲ್ ಯುಸ್ಮಾರ್ ಜೊತೆ ಹೊರಟರು. ಅಂದು ಮಂಜು ದಟ್ಟವಾಗಿತ್ತು. ಕಡಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ಮರಳ ದಿಬ್ಬದ ಮೇಲೆ ಹಳದಿ ಬಟ್ಟೆ ಸುತ್ತಿದ ಎರಡು ಕಲ್ಲು, ಮುಂದೆ ಅರಿಶಿನದ ಅನ್ನ. ಅಂಗಡಿಯ ಮಾಕ್ ರುಬಿಯಾ ತಡೆದಳು.

"ಮುಟ್ಬೇಡಿ ಸಾರ್. ದಾತುಕ್ ಮಲಗಿದಾರೆ, ದೊಡ್ಡ ಸಂತರು. ನನ್ನ ಕನಸಲ್ಲಿ ಬಂದಿದ್ರು, ಬಿಳೀ ಗಡ್ಡ."

"ಅದಕ್ಕೆ ಮುಂಚೆ ಯಾರ ಕನಸಲ್ಲಿ ಬಂದಿದ್ರು?"

"ದೋಣಿ ಬಡಗಿಗೆ. ಅವನೇ ನಂಗೆ ಹೇಳಿದ್ದು."

ಹಾರೂನ್‌ಗೂ ಎದೆಯಲ್ಲಿ ಅಳುಕು. ಆದರೂ ಪಂಚರ ಮುಂದೆ ಕಲ್ಲುಗಳ ಮೇಲಿನ ಬಟ್ಟೆ ಬಿಚ್ಚಿದರು. ಕಲ್ಲುಗಳು ಚಪ್ಪಟೆಯಾಗಿದ್ದವು. ಗಂಡಸಿನ ಗೋರಿಗೆ ಇಲ್ಲಿ ಗುಂಡುಕಲ್ಲು ನೆಡುತ್ತಾರೆ. ಚಪ್ಪಟೆ ಕಲ್ಲು ಹೆಂಗಸಿನದು. ಬಿಳೀ ಗಡ್ಡದ ಸಂತರ ತಲೆಯ ಬಳಿ ಹೆಂಗಸಿನ ಕಲ್ಲು! ಪಂಚನಾಮೆಯಲ್ಲಿ ಅಷ್ಟನ್ನೇ ಬರೆಸಿದರು.

ಆಮೇಲೆ ಸಂಜೆವರೆಗೂ ನಡೆದದ್ದು ಕನಸುಗಳ ವಿಚಾರಣೆ. ಬಡಗಿಗೆ ಕನಸು ಬಿದ್ದದ್ದು ಮುಲ್ಲಾ ಹೇಳಿದ ಮೇಲೆ. ಮುಲ್ಲಾಗೆ ಬಿದ್ದದ್ದು ಮುದುಕ ಲೆಮಾನ್ ಹೇಳಿದ ಮೇಲೆ. ಲೆಮಾನ್‌ಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ, ಕಲ್ಲು ಎಲ್ಲಿಯದೆಂದು ಹುಡುಕಲು ಹೋಗಿದ್ದ ಯುಸ್ಮಾರ್ ಗುಡ್ಡದ ಮೇಲಿನ ಸ್ಮಶಾನದಿಂದ ಓಡಿಬಂದ.

"ಒಂದು ಗೋರಿ ಬೋಳು ಸಾರ್, ಕಲ್ಲೇ ಇಲ್ಲ. ಲೆಮಾನ್ ಹೆಂಡ್ತೀದು."

ಲೆಮಾನ್ ಬಲೆ ಹೊಲಿಯುತ್ತಿದ್ದ. ಎದ್ದೂ ನಿಲ್ಲಲಿಲ್ಲ.

"ಕಟ್ಕೊಂಡೋಳ ಕಲ್ಲನ್ನೇ ಕಿತ್ರಲ್ಲ, ಅಜ್ಜ?"

"ಇನ್ನೊಬ್ಬರ ಹೆಂಡ್ತೀದು ಕೀಳಕ್ಕಾಗುತ್ತಾ? ಹೊಸ ಕಲ್ಲು ನೆಟ್ಟಿದ್ರೆ ನೀವು ನಂಬ್ತಿರ್ಲಿಲ್ಲ. ಅವಳ್ನ ಕೇಳ್ದೆ, ಸುಮ್ನಿದ್ಲು. ಬದುಕಿದ್ದಾಗ ಒಂದಿನ ಸುಮ್ನಿದ್ದೋಳಲ್ಲ."

"ಯಾಕೆ ಮಾಡಿದ್ರಿ?"

ಮುದುಕ ಕಡಲಿನತ್ತ ಗಲ್ಲ ಎತ್ತಿದ. ಅಲ್ಲಿ ನೀರಲ್ಲಿ ಕಂಬ ನೆಟ್ಟು ಕಟ್ಟಿದ ಅವನ ಮೀನಿನ ಅಟ್ಟಣಿಗೆ ಆಗಲೂ ಕರಗದ ಮಂಜಿನಲ್ಲಿ ತೇಲುವಂತಿತ್ತು.

"ಹೋಟೆಲ್ ಬಂದ್ರೆ ಅದನ್ನ ತೆಗೀಬೇಕಂತೆ. ಅಲ್ಲಿನ ದೀಪ ಗುಡ್ಡದ್ಮೇಲಿಂದ ಕಾಣುತ್ತೆ. ಅವಳಿಗೆ ಕತ್ಲು ಅಂದ್ರೆ ಭಯ ಸಾರ್. ದೀಪ ಕಾಣ್ತಿದ್ರೆ ನೀವು ಹತ್ರ ಇದ್ದಂಗೇ ಅಂತಿದ್ಲು."

 ಕಾನೂನು ಕಾನೂನೇ, ಬನ್ನಿ ಎಂದರು ಹಾರೂನ್. ಜೀಪಿನ ಬಳಿ ಲೆಮಾನ್ ನಿಂತ.

"ಇವತ್ತು ದೀಪ ಹಚ್ಚೋರ್ಯಾರು?"

 ಹಾರೂನ್ ಅಟ್ಟಣಿಗೆಯತ್ತ ನೋಡಿದರು. ಆಮೇಲೆ ಯುಸ್ಮಾರ್‌ಗೆ ದಡದಲ್ಲಿ ಕಟ್ಟಿದ್ದ ಮುದುಕನ ದೋಣಿ ಬಿಚ್ಚಲು ಹೇಳಿದರು.

ಆರೋಪಿ ಸಿಕ್ಕಿದ್ದು ಸಂಜೆ ಐದಕ್ಕೆ. ದಾಖಲೆಯಲ್ಲಿ ಬಂಧನದ ಸಮಯವನ್ನು ಹಾರೂನ್ ಏಳೂವರೆ ಎಂದು ಬರೆದರು.